ಹಲ್ಲಿನ ಗುರುತಿಲ್ಲದ ಮೋಟು

ಪುಸ್ತಕದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಂಗಿ ನಿಂತಿದ್ದರು. ಅವನ ತೋಳಿಗೆ ಮರದ ಹೊಟ್ಟು ಅಂಟಿತ್ತು. ಅವಳು ನರ್ಸಿನ ಸಮವಸ್ತ್ರದಲ್ಲಿದ್ದಳು.

"ನಮ್ಮ ಟೀಚರ ಸಂಜೆ ಶಾಲೆಗೆ ಹತ್ತು ಡಬ್ಬಿ ಪೆನ್ಸಿಲ್ ಸಾಕೇನಣ್ಣ? ಫೀಸಿಲ್ಲ, ಅಲ್ಲಿ ಓದಿದ ನಮ್ಮಂಥೋರು ಕೊಟ್ಟಿದ್ರಲ್ಲೇ ನಡೀಬೇಕು ಪಾಪ."

"ಸಾಕು. ಸವೆದ ಮೋಟು ವಾಪಸ್ ಕೊಟ್ರೆ ತಾನೇ ಹೊಸ ಪೆನ್ಸಿಲು? ಇನ್ನೂ ಅದೇ ರೂಲ್ಸಂತೆ."

"ಅಂಥವ್ರಿಗೇ ಟೋಪಿ ಹಾಕಿದ್ಯಲ್ಲ!"

"ಏನ್ಮಾಡ್ಲಿ? ನಿನ್ನಿನ್ನೂ ಶಾಲೆಗೆ ಸೇರಿಸ್ಕೊಂಡಿರ್ಲಿಲ್ಲ. ನಂಗೂ ಪೆನ್ಸಿಲ್ ಬೇಕೂಂತ ನೀನು ರಂಪ ಮಾಡ್ತಿದ್ದೆ. ನನ್ನ ಹೊಸದನ್ನೇ ಅಪ್ಪನ ಗರಗಸದಲ್ಲಿ ಕುಯ್ದು, ಗಿಡ್ಡ ತುಂಡನ್ನ ಮೋಟು ಅಂತ ಕೊಟ್ಟು, ನಿಂಗೊಂದು ತಂದೆ. ಅದೇ ನನ್ನ ಮೊದಲ ಮರಗೆಲಸ. ಟೀಚರಿಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಾಗಿತ್ತು ಕಣೋ. ಮೊನ್ನೆ ಆಸ್ಪತ್ರೆಗೆ ಬಂದಾಗ ಹೇಳಿದ್ರು. ನಿನ್ನ ಮೋಟಿಗೆಲ್ಲ ನೀನು ಕಚ್ಚಿದ ಹಲ್ಲಿನ ಗುರುತಿರ್ತಿತ್ತಂತೆ, ಅದೊಂದಕ್ಕೆ ಇರ್ಲಿಲ್ವಂತೆ."



"ಮತ್ತೆ ಯಾಕೆ ಬೈಲಿಲ್ಲ?"

"ಪೆನ್ಸಿಲ್ ಯಾರಿಗೇಂತ ಗೊತ್ತಾಗೇ ಮಾರನೇ ದಿನ ನನ್ನ ಹೆಸರು ಶಾಲೆಗೆ ಬರ್ಕೊಂಡ್ರಲ್ಲ, ಮರೆತ್ಯಾ?"

ಅಷ್ಟರಲ್ಲಿ ಅಂಗಡಿಯವನು ಎಷ್ಟು ಡಬ್ಬಿ ಎಂದು ಕೇಳಿದ.

"ಹನ್ನೊಂದು ಕೊಡಿ" ಎಂದ ಅಣ್ಣ.

"ಹತ್ತು ಸಾಕು ಅಂದ್ಯಲ್ಲೋ?"

"ಒಂದು, ಮೋಟಿಲ್ಲದೆ ಬರೋ ಪುಟ್ಟವ್ರಿಗೆ."

ಡಬ್ಬಿಗಳನ್ನು ಇಬ್ಬರೂ ಹಂಚಿಕೊಂಡು ಹೊತ್ತು, ಮೆಟ್ಟಿಲಿಳಿದು ಹೋದರು.