ಸಾಯಂಕಾಲದ ಹಸಿವು

ಜೋಗುಪಾಳ್ಯದ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ವೈಷ್ಣವಿ ತನ್ನ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಸರದಿಗೆ ಕಾಯುತ್ತಿದ್ದಳು. ಅದೇ ಬೆಂಚಿನಲ್ಲಿ ಒಬ್ಬರಿಗೊಬ್ಬರು ಪರಿಚಯವಿದ್ದ ಇಬ್ಬರು ಮಾತಿಗೆ ಕೂತಿದ್ದರು. ಗಂಡಸಿನ ಬುಟ್ಟಿಯಲ್ಲಿ ಒಂದು ಬಿಳಿ ಮೊಲ, ಹೆಂಗಸಿನ ಬುಟ್ಟಿಯಲ್ಲಿ ಎರಡು.

“ಹಿಕ್ಕೆ ಹೇಗಿದೆ ಪಂಚಾಕ್ಷರಿಯವ್ರೆ?”

“ಮೊದಲು ಕಡಲೆಕಾಳಿನ ಹಾಗೆ ಗಟ್ಟಿಯಾಗಿರ್ತಿತ್ತು ಪ್ರೇಮಕ್ಕ. ಈಗ ಮೆತ್ತಗೆ, ಬಾಲಕ್ಕೆಲ್ಲ ಅಂಟ್ಕೊಳ್ಳುತ್ತೆ.”

“ಏನು ಹಾಕ್ತಿದ್ದೀರಿ?”

“ನಾನು ತಿನ್ನೋದೇ. ಚಪಾತಿ, ಬಾಳೆಹಣ್ಣು. ಹೊಟ್ಟೆ ಕೆಟ್ಟಿದೆಯಲ್ಲ ಅಂತ ನಿನ್ನೆಯಿಂದ ಬರೀ ಮೊಸರನ್ನ.”

“ಮೊಸರನ್ನ ನಮ್ಮ ಹೊಟ್ಟೆಗೆ ರೀ. ಮೊಲಕ್ಕೆ ಹುಲ್ಲೇ ಔಷಧಿ. ನೀವು ಆಫೀಸಿಗೆ ಹೋದ್ಮೇಲೆ ಮನೇಲಿ ಯಾರಿರ್ತಾರೆ?”

“ಇದೇ ಇರುತ್ತೆ.”

“ಹಾಗಾದ್ರೆ ಬೆಳಿಗ್ಗೆನೇ ಗೂಡಿನ ತುಂಬ ಒಣಹುಲ್ಲು ಹಾಕಿ ಹೋಗಿ. ದಿನವೆಲ್ಲ ಮೇಯ್ತಾ ಇದ್ರೆ ಹಿಕ್ಕೆ ತಾನಾಗೇ ಸರಿಹೋಗುತ್ತೆ. ನೀವು ಬರೋವರೆಗೂ ಹಸ್ಕೊಂಡು ಕೂರೋದು ತಪ್ಪುತ್ತೆ.”

ಪಂಚಾಕ್ಷರಿ ಮೊಲದ ಕಿವಿ ಸವರಿದರು.

“ಈಗ ನಾನು ಬೀಗ ತೆಗೆಯೋ ಸದ್ದಿಗೇ ಬಾಗಿಲಿಗೆ ಓಡಿ ಬರುತ್ತೆ, ಅಕ್ಕ. ಊಟಕ್ಕೆ ಕೂತ್ರೆ ತಟ್ಟೆ ಪಕ್ಕನೇ ಕೂರುತ್ತೆ.”

“ಹಸಿವಿಗೆ ಬರುತ್ತೆ, ಪಾಪ.”

“ಗೊತ್ತು.”

ಒಳಗಿನಿಂದ ಕಾಂಪೌಂಡರ್ ಮೊಲದವರನ್ನು ಕರೆದ. ಇಬ್ಬರೂ ಬುಟ್ಟಿ ಎತ್ತಿಕೊಂಡು ಹೊರಟರು. ವೈಷ್ಣವಿ ಕಾಲು ಮಡಚಿ ದಾರಿ ಬಿಟ್ಟಳು. ಬಾಗಿಲ ಹತ್ತಿರ ಪಂಚಾಕ್ಷರಿ ದನಿ ತಗ್ಗಿಸಿ ಕೇಳಿದ್ದು ಅವಳಿಗೂ ಕೇಳಿಸಿತು.

“ಹುಲ್ಲು ಒಂಚೂರು ಕಮ್ಮಿ ಹಾಕಿದ್ರೆ ನಡೆಯಲ್ವಾ, ಪ್ರೇಮಕ್ಕ? ಸಾಯಂಕಾಲಕ್ಕೆ ಸ್ವಲ್ಪ ಹಸಿವು ಉಳಿಯೋ ಹಾಗೆ.”