ಮೂರು ಸಲ ಒಡ್ಡಿದ ಅಂಗೈ

ನಿನ್ನೆ ಮೂರು ಗಂಟೆಯ ಚಹಾಕ್ಕೆ ಬಂದ ನೆರೆಯವರ ಅಂಗೈಗೆ ಅಮ್ಮ ಬಡಿಸಿದ ಸೊಪ್ಪಿನ ಉಪ್ಪಿನಕಾಯಿಯನ್ನು ಈ ವರ್ಷ ಮಾಡಿದ್ದು ತಾನೆಂದು ಹೇಳಲು ಚಿನಾತ್ಸುಗೆ ಬಾಯಿ ಬಂದಿರಲಿಲ್ಲ. ಚೆನ್ನಾಗಿಲ್ಲ ಅಂದುಬಿಟ್ಟರೆ? ಇವತ್ತು ಈಯಾಮ ಪಟ್ಟಣಕ್ಕೆ ಹೋಗುವ ಬಸ್ಸು ಹತ್ತಿ ಕೂತರೆ, ಮುಂದಿನ ಸೀಟಿನಲ್ಲಿ ಅದೇ ನೆರೆಯ ಅಜ್ಜಿಯರು, ಟೊಮಿಯೆ ಮತ್ತು ಕಿಕುನೊ. ಹಿಂದಿದ್ದ ಇವಳನ್ನು ಅವರು ನೋಡಿರಲಿಲ್ಲ.

"ನಿನ್ನೆ ಹೋಗಿದ್ವಲ್ಲ, ಅವ್ರ ಮನೆ ಉಪ್ಪಿನಕಾಯಿ ಈ ವರ್ಷ ಬದಲಾಗಿದೆ ಅಲ್ವೇನೇ, ಕಿಕುನೊ?"

"ಸ್ವಲ್ಪ ಹುಳಿ ಜಾಸ್ತಿ ಕಣೇ."

"ಹುಳಿ ಅಂತೆ! ಮೂರು ಸಲ ಅಂಗೈ ಒಡ್ಡಿದ್ದು ಯಾರು?"

"ನೀನೇನು ಕಮ್ಮಿ? ಸಾಕು ಅಂತ ಕಪ್ಪಿನ ಮೇಲೆ ಕೈ ಮುಚ್ಚದೆ ಏಳು ಸಲ ಟೀ ಹಾಕಿಸ್ಕೊಂಡೆ."

"ಕೈ ಮುಚ್ಚಿದ್ರೆ ಎದ್ದು ಹೊರಡ್ಬೇಕಲ್ಲ. ಉಪ್ಪಿನಕಾಯಿ ಇನ್ನೂ ಇತ್ತು."

ಟೊಮಿಯೆ ಕಿಲಕಿಲ ನಕ್ಕಳು. ಕಿಕುನೊಳ ದನಿ ಮಾತ್ರ ತಗ್ಗಿತು.

"ಚಿನಾತ್ಸು ಅಮ್ಮನ ಅತ್ತೆ ಹೋದ್ಮೇಲೆ ಆ ಕೈರುಚಿನೂ ಹೋಯ್ತು ಅನ್ಕೊಂಡಿದ್ದೆ. ನಿನ್ನೆ ಮತ್ತೆ ಸಿಕ್ತು."

"ಸೊಸೆ ಕೊನೆಗೂ ಕಲಿತ್ಲು ಬಿಡು. ಇಪ್ಪತ್ತೈದು ವರ್ಷ ಹಿಡೀತು, ಅಷ್ಟೇ!"

ಆಸ್ಪತ್ರೆಯ ಸ್ಟಾಪು ಬಂತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದು ಬಾಗಿಲತ್ತ ಹೊರಟರು. ಚಿನಾತ್ಸುವಿನ ಕಿವಿ ಬಿಸಿಯಾಯಿತು. ಅವಳು ಸೀಟಿನಿಂದ ಅರ್ಧ ಎದ್ದು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಅಜ್ಜಿ, ಆ ಉಪ್ಪಿನಕಾಯಿ ಅಮ್ಮ ಹಾಕಿದ್ದಲ್ಲ. ನಾನು ಹಾಕಿದ್ದು!"