ಹಜಾರದ ತಂತಿ

ಅಲೆಕ್ಸಾಂಡ್ರಿಯಾದ ನಮ್ಮ ಬೀದಿಯ ರೊಟ್ಟಿ ಅಂಗಡಿಯ ಮುಂದಿನ ಸಾಲು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮುಂದೆ ಹಾಜಿ ಮಿತ್ವಲ್ಲಿ ನಿಂತಿದ್ದ, ಪಕ್ಕದಲ್ಲಿ ರೌಟರ್ ಡಬ್ಬಿ ಹಿಡಿದ ಹಮ್ದಿ, ಹಾಜಿಯ ಮಗಳು ನಗ್ಲಾಗೆ ಗೊತ್ತಾದ ಭಾವಿ ಅಳಿಯ.

“ಮನೇಲಿ ಇಂಟರ್‌ನೆಟ್ ತಂತಿ ಇದೆಯಲ್ಲೋ?” ಅಂದ ಹಾಜಿ.

“ಅದರ ತುದಿಗೆ ಇದನ್ನ ಸಿಕ್ಕಿಸಿದ್ರೆ ಆಯ್ತು ಮಾವ. ವೈಫೈ ಬಾಲ್ಕನಿವರೆಗೂ ಬರುತ್ತೆ!”

“ತಂತಿ ಇರೋದ್ರಿಂದ ನಗ್ಲಾ ಹಜಾರದ ಕಂಪ್ಯೂಟರಲ್ಲಿ, ನನ್ನ ಕಣ್ಣೆದುರೇ ನಿನ್ನ ಹತ್ರ ಮಾತಾಡ್ತಾಳೆ. ಬಾಲ್ಕನಿ ಯಾಕೆ?”

“ಅಯ್ಯೋ, ಇದು ಹಜಾರ ದಾಟೋದೇ ಇಲ್ಲ ಬಿಡಿ.”

“ಹಾಗಾದ್ರೆ ತಂತೀನೇ ಸಾಕು.”

ಹಮ್ದಿ ತಲೆ ಕೆರೆದುಕೊಂಡ.

“ಅಡುಗೆಮನೇಲೂ ನೆಟ್ ಬೇಕು ಅಂತ ಅತ್ತೆಯೇ ತರಿಸಿದ್ದು, ಮಾವ.”

ಅಷ್ಟರಲ್ಲಿ ಸರದಿ ಬಂದಿತ್ತು; ಹಾಜಿ ಬಿಸಿ ರೊಟ್ಟಿ ಬಾಚಿಕೊಂಡು, ನನ್ನ ಕಾಲು ತುಳಿದುಕೊಂಡೇ ಹೊರಟ.

“ಮೊದಲೇ ಹೇಳೋಕೇನೋ ಧಾಡಿ ನಿಂಗೆ? ನಡಿ, ನಿಮ್ಮತ್ತೆ ಕಾಯ್ತಿರ್ತಾಳೆ!”